ಊಟವಲ್ಲ, ಬರೀ ತಿಂಡಿ

ಫೆಬ್ರವರಿ ೧೧, ಮಂಗಳವಾರ

ನನ್ನ ಲಿವರ್‌ಗೆ ಕೊಬ್ಬು ಹತ್ತಿದೆಯಂತೆ. ಇವತ್ತಿನವರೆಗೆ ಒಂದು ಗುಟುಕು ಬಿಯರ್ ಕುಡಿಯದ, ಆಫೀಸಿನ ಪಾರ್ಟಿಗಳಲ್ಲಿ ನಿಂಬೆ ಸೋಡ ಹಿಡಿದು ಮೂಲೆಯಲ್ಲಿ ನಿಂತು ಗೇಲಿ ಮಾಡಿಸಿಕೊಳ್ಳುವ ನನಗೆ.

ಡಾಕ್ಟರ್ ಸ್ಕ್ಯಾನ್ ನೋಡಿದವರೇ "ಪೀತೇ ಹೋ?" ಅಂದರು. ಕುಡಿಯಲ್ಲ ಅಂದೆ. "ತೋ ಫಿರ್ ಖಾತೇ ಹೋ", ಹಾಗಾದರೆ ತಿನ್ನುತ್ತೀಯ, ಅಂದು ಕನ್ನಡಕ ತೆಗೆದಿಟ್ಟರು. ಕುಡಿಯದಿದ್ದರೂ ಹೊರಗಿನ ಕರಿದದ್ದು, ಮೈದಾ, ಸಿಹಿ ಪಾನೀಯ ಇವೇ ಸಾಕಂತೆ. ನನ್ನ ವಯಸ್ಸಿನವರಲ್ಲಿ ಇಂಥ ಲಿವರ್ ಅವರಿಗೆ ದಿನಾ ಸಿಗುತ್ತದಂತೆ. ಕೊಬ್ಬು ಕರಗುವ ತನಕ ನನ್ನದರಲ್ಲಿ ಒಂದು ತುಂಡನ್ನೂ ಅಕ್ಕನಿಗೆ ಹಾಕುವಂತಿಲ್ಲ. ಕೊಟ್ಟವನಿಗೂ ಅಪಾಯ, ಪಡೆದವಳಿಗೂ ಅಪಾಯ. ಮೂರು ವಾರ ಬಿಟ್ಟು ಮತ್ತೆ ನೋಡೋಣ ಅಂದರು.

ಅಕ್ಕನಿಗೆ ಎಷ್ಟು ಸಮಯ ಇದೆ ಅಂತ ಭಾವ ಕೇಳಲಿಲ್ಲ, ನಾನೇ ಕೇಳಿದೆ. ಬೇಸಿಗೆ ದಾಟಿಸುವುದು ಕಷ್ಟ ಅಂದರು. ಭಾವ ತಿಪ್ಪೇಸ್ವಾಮಿಯವರು ಆಗಲೂ ರಿಪೋರ್ಟಿನ ಕಾಗದಗಳನ್ನು ತೊಡೆಯ ಮೇಲೆ ನೆಟ್ಟಗೆ ಜೋಡಿಸಿಕೊಳ್ಳುತ್ತಾ "ನೋಡೋಣಪ್ಪ" ಅಂದರು. ಇಲ್ಲಿ ದೆಹಲಿಯ ಸಚಿವಾಲಯದಲ್ಲಿ ಇಷ್ಟು ವರ್ಷ ಕಡತ ಮಗುಚಿದವರಿಗೆ ಎಲ್ಲವೂ ನೋಡೋಣವೇ. ನನಗೆ ಮೈ ಉರಿಯಿತು.

ಅವರ ರಕ್ತದ ಗುಂಪು ಅಕ್ಕನಿಗೆ ಹೊಂದುವುದಿಲ್ಲ. ಅಮ್ಮನಿಗೆ ಸಕ್ಕರೆ ಕಾಯಿಲೆ, ವಯಸ್ಸೂ ಆಗಿದೆ. ಅಕ್ಕನ ಮಗಳು ಮಾನ್ಯಾಗೆ ಇನ್ನೂ ಹನ್ನೆರಡು. ಉಳಿದವನು ನಾನೊಬ್ಬ. ಅಕ್ಕನ ಲಿವರನ್ನು ಅವಳ ಮೈಯೇ ಶತ್ರು ಅಂತ ತಿಳಿದು ಹಾಳುಮಾಡುತ್ತಿದೆ, ಅದರಲ್ಲಿ ಅವಳ ತಪ್ಪು ಒಂದಿಷ್ಟೂ ಇಲ್ಲ. ನನ್ನದು ನಾನೇ ಮಾಡಿಕೊಂಡದ್ದು. ಇರಲಿ, ಮೂರು ವಾರ ಸಾಕು. ನಾನು ಹಟ ಹಿಡಿದರೆ ಬಿಡುವವನಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಫೆಬ್ರವರಿ ೧೩, ಗುರುವಾರ

ಡಯಟಿಷಿಯನ್ ಹತ್ತಿರ ಅಮ್ಮನೂ ಬಂದಳು. ಅಕ್ಕನನ್ನು ನೋಡಿಕೊಳ್ಳಲು ಹಿರಿಯೂರಿನಿಂದ ಬಂದು ಕಿದ್ವಾಯಿ ನಗರದಲ್ಲಿ ಭಾವನ ಕ್ವಾರ್ಟರ್ಸಿನಲ್ಲಿದ್ದಾಳೆ. ಹಿಂದಿ ಬಾರದು, ಆದರೆ ಎಲ್ಲ ಕಡೆಗೂ ಬರಬೇಕು.

ಮೇಡಂ ಮಾತು ಚುರುಕು. "ಬಾಹರ್ ಕಾ ಖಾನಾ ಕಿತ್ನಾ ಹೋತಾ ಹೈ?" ಅಂದರು. ಹೊರಗೆ ಊಟ ಎಷ್ಟು ಸಲ ಅಂತ ಕೇಳ್ತಿದಾರೆ ಅಂತ ಅಮ್ಮನಿಗೆ ಹೇಳಿದೆ. ಅಮ್ಮ ಸೆರಗು ಸರಿಮಾಡಿಕೊಂಡು, "ನಮ್ಮ ಹುಡುಗ ಹೊರಗೆ ಊಟ ಮಾಡೋನೇ ಅಲ್ಲ ಅಂತ ಹೇಳು. ದಿನಾ ಫೋನಲ್ಲಿ ಕೇಳ್ತೀನಿ. ರಾತ್ರಿ ಮನೇಲೇ ಅನ್ನ ಸಾರು ಮಾಡ್ಕೊಂಡು ಉಣ್ತಾನೆ" ಅಂದಳು. ಅದು ನಿಜವೇ. ದ್ವಾರಕಾದ ನನ್ನ ಫ್ಲ್ಯಾಟಿನಲ್ಲಿ ಕುಕ್ಕರ್ ಕೂಗದ ರಾತ್ರಿ ಅಪರೂಪ. ಖಾನಾ ಮನೆಯದೇ ಅಂತ ಮೇಡಂಗೆ ಹೇಳಿದೆ.

ಹಾಗಾಗಿ ಅವರು ಅನ್ನವನ್ನೇ ಹಿಡಿದುಕೊಂಡರು. ರಾತ್ರಿ ಅಷ್ಟೊಂದು ಅನ್ನ ಬೇಡ, ಬೇಳೆ ತರಕಾರಿ ಮೊಸರು ಸಾಕು. ಕರಿದದ್ದು ಬೇಡ, ಕೋಲಾ ಬೇಡ, ದಿನಾ ನಡೆಯಬೇಕು. ಪಿಜ್ಜಾ ಬರ್ಗರ್ ಕೂಡ ಬಿಡುತ್ತೇನೆ ಅಂತ ನಾನಾಗಿಯೇ ಹೇಳಿದೆ. ಮೇಡಂಗೆ ಸಂತೋಷವಾಯಿತು.

ಫೆಬ್ರವರಿ ೧೯, ಬುಧವಾರ

ಅನ್ನ ಬಿಟ್ಟು ವಾರವಾಗುತ್ತ ಬಂತು. ಹುಟ್ಟಿದಾಗಿನಿಂದ ಅನ್ನ ಕಂಡವನಿಗೆ ಅನ್ನ ಬಿಡು ಅಂದರೆ ಏನು ಅಂತ ಆ ಮೇಡಂಗೆ ಗೊತ್ತಿಲ್ಲ. ಒಂದು ಬಟ್ಟಲು ಬೇಳೆ ಕುಡಿದು ಮಲಗಿದರೆ ಊಟ ಮಾಡಿದ ಹಾಗೇ ಅನ್ನಿಸುವುದಿಲ್ಲ. ಆದರೂ ಬಿಟ್ಟಿದ್ದೇನೆ, ಅಕ್ಕನಿಗೋಸ್ಕರ.

ಊಟ ಕಡಿಮೆಯಾದ್ದರಿಂದ ಸಂಜೆ ಹಸಿವು ಜಾಸ್ತಿ. ಗುರುಗ್ರಾಮದಿಂದ ಆಫೀಸಿನ ಕ್ಯಾಬ್ ಬಂದು ಇಳಿಸುವ ಜಾಗದಲ್ಲೇ, ಮೆಟ್ರೋ ಗೇಟಿನ ಪಕ್ಕ, ಮೋಮೋ ಭಯ್ಯಾನ ಗಾಡಿ ಇದೆ. ಒಂದು ಪ್ಲೇಟು ತಿನ್ನುತ್ತೇನೆ, ಸುಮ್ಮನೆ ಬಾಯಾಡಿಸಲು. ಮೊದಲು ಫ್ರೈ ಮಾಡಿದ್ದು ತಿನ್ನುತ್ತಿದ್ದೆ, ಈಗ ಹಬೆಯಲ್ಲಿ ಬೆಂದದ್ದು. ಅವನು ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುವ ಆವಿ, ಕಿವಿಯವರೆಗೆ ಬಿಸಿಯೇರಿಸುವ ಆ ಕೆಂಪು ಚಟ್ನಿ, ಕೇಳದೆಯೇ ಮೇಲೆ ಸುರಿಯುವ ಮಯೊನೀಸ್. ದಿನದಲ್ಲಿ ಸುಖ ಅಂತ ಉಳಿದಿರುವುದು ಅದೊಂದೇ. ಆಫೀಸಿನಲ್ಲಿ ಚಹಾದ ಜೊತೆ ಸಮೋಸಾ ಬಿಟ್ಟು ಪ್ಯಾಟೀಸ್ ಹಿಡಿದಿದ್ದೇನೆ. ಅದು ಕರಿದದ್ದಲ್ಲ, ಓವನ್ನಿನಲ್ಲಿ ಬೆಂದದ್ದು. ಪಕ್ಕದ ಸೀಟಿನ, ಮಂಗಳೂರಿನ ಕಿಶನ್ ಕಾಠಿ ರೋಲ್ ತರಿಸಿದರೆ ಅದರಲ್ಲಿ ಅರ್ಧ, ಅಷ್ಟೇ.

ಅಮ್ಮ ಫೋನಿನಲ್ಲಿ "ಊಟ ಆಯ್ತಾ?" ಅಂದಳು. "ಎಲ್ಲಿ ಊಟ, ಬೇಳೆನೀರು" ಅಂದೆ. ಅತ್ತಳು. ಅವಳು ಅತ್ತದ್ದು ನನಗೆ ಒಳಗೊಳಗೇ ಹಿತವಾಯಿತು.

ಫೆಬ್ರವರಿ ೨೬, ಶಿವರಾತ್ರಿ

ಇವತ್ತು ಪೂರ್ತಿ ಉಪವಾಸ. ಕೊಬ್ಬು ಕರಗಬೇಕಾದರೆ ಇದಕ್ಕಿಂತ ಒಳ್ಳೆಯ ದಿನ ಯಾವುದು. ಆಫೀಸಿನ ಕ್ಯಾಂಟೀನಿನಲ್ಲಿ ವ್ರತದವರಿಗೆ ಅಂತಲೇ ಬೇರೆ ಥಾಲಿ ಮಾಡಿದ್ದರು. ಕುಟ್ಟು ಅನ್ನುವ ಕಾಳಿನ ಹಿಟ್ಟಿನ ಪೂರಿ, ತುಪ್ಪದಲ್ಲಿ ಹುರಿದ ಆಲೂಗಡ್ಡೆ, ಸಾಬುದಾನಿ ವಡೆ, ಒಂದು ಬಟ್ಟಲು ಖೀರು. ಅನ್ನ ಗೋಧಿ ಏನೂ ಇಲ್ಲ. ಎರಡು ಸಲ ಹಾಕಿಸಿಕೊಂಡೆ.

ಸಂಜೆ ಅಕ್ಕನ ಮನೆಗೆ ಹೋದೆ. ಕಣ್ಣು ಅರಿಸಿನದ ನೀರಿನ ಬಣ್ಣಕ್ಕೆ ತಿರುಗಿದೆ. ಕಾಲು ಊದಿ ಚಪ್ಪಲಿಗೆ ಸೇರುತ್ತಿಲ್ಲ. ಆದರೂ ಗಣಿತದ ಟೀಚರು ಟೀಚರೇ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಉಪವಾಸ ಇದ್ದವರ ಮುಖ ಹಿಂಗೆ ಹೊಳೆಯಲ್ಲ ಕಣೋ ಯಶು" ಅಂದಳು. ನಾನು ಅನ್ನ ಬಿಟ್ಟ ಕಥೆ ಹೇಳಿದೆ. "ನನಗೋಸ್ಕರ ಏನೂ ಬಿಡಬೇಡ, ಹಾಯಾಗಿರು" ಅಂದು ಆ ಕಡೆ ತಿರುಗಿದಳು. ಇಷ್ಟು ಕಷ್ಟಪಡುವವನಿಗೆ ಒಂದು ಒಳ್ಳೆಯ ಮಾತಿಲ್ಲ. ಬೇಜಾರಾಯಿತು.

ಮಾರ್ಚ್ ೫, ಬುಧವಾರ

ಕಡಿಮೆಯಾಗಿಲ್ಲ. ಇದ್ದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ಆಗಿದೆ.

ಇನ್ನೊಂದು ಸಲ, ಒಂದೇ ಸಲ ನೋಡುತ್ತೇವೆ, ಏಪ್ರಿಲ್ ಮೊದಲ ವಾರ ಅಂದರು ಡಾಕ್ಟರ್. ಆಮೇಲೆ ನಿಮ್ಮನ್ನು ನೆಚ್ಚಿಕೊಂಡು ಕೂರಲು ಪೇಷೆಂಟಿಗೆ ಸಮಯ ಇರುವುದಿಲ್ಲ ಅಂದರು. ಸತ್ತವರ ಲಿವರ್‌ಗೆ ಕಾಯುವವರ ಸಾಲು ಎಷ್ಟು ಉದ್ದ ಅಂತ ನಾನು ಕೇಳಲೇ ಇಲ್ಲ. ಅನ್ನ ಬಿಟ್ಟೆನಲ್ಲ. ನಡೆದೆನಲ್ಲ. ಇನ್ನೇನು ಮಾಡಬೇಕಿತ್ತು ನಾನು.

ಮಾರ್ಚ್ ೬, ಗುರುವಾರ

ಡಯಟಿಷಿಯನ್ ಮೇಡಂ ಬೈಯಲಿಲ್ಲ. ಈ ಸಲ ಖಾನಾ ಅನ್ನುವ ಮಾತನ್ನೇ ಎತ್ತಲಿಲ್ಲ. ಮೊನ್ನೆ ಬೆಳಿಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ "ಮುಹ್ ಮೇ ಕ್ಯಾ ಕ್ಯಾ ಗಯಾ" ಅಂತ ಕೇಳಿದರು. ಬಾಯಿಗೆ ಹೋದದ್ದನ್ನೆಲ್ಲ ಹೇಳುತ್ತಾ ಹೋದೆ. ಕ್ಯಾಬಿನಲ್ಲಿ ಬೆಣ್ಣೆ ಹಚ್ಚಿದ ಬನ್, ಹನ್ನೊಂದಕ್ಕೆ ಬಿಸ್ಕತ್ತು, ಮಧ್ಯಾಹ್ನ ರೋಲ್, ಚಹಾಕ್ಕೆ ಪ್ಯಾಟೀಸ್, ಸಂಜೆ ಮೋಮೋ, ಡಬ್ಬಿಯ ಮಾವಿನ ಜ್ಯೂಸ್. ಹೇಳುತ್ತಾ ಹೇಳುತ್ತಾ ನನ್ನ ದನಿ ಸಣ್ಣದಾಯಿತು. ಅವರು ಬರೆಯುವುದನ್ನು ನಿಲ್ಲಿಸಿ, ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಅಂದರು.

"ಆಪ್‌ನೇ ಖಾನಾ ಪೂಛಾ ಥಾ" ಅಂದೆ. ನೀವು ಕೇಳಿದ್ದು ಊಟದ ವಿಷಯ ಅಂತ.

ಅಮ್ಮ ತೋಳು ಎಳೆದು ಏನಂತೆ ಏನಂತೆ ಅಂತ ಪೀಡಿಸಿದಳು. ಹೇಳಿದೆ. "ಅಯ್ಯೋ, ಅದು ಊಟ ಅಲ್ವಲ್ಲಪ್ಪ, ತಿಂಡಿ. ಬಾಯಿಚಪಲಕ್ಕೆ ತಿಂದಿದ್ದನ್ನ ಯಾರಾದರೂ ಊಟ ಅಂತಾರಾ? ಅವರಿಗೆ ಸರಿಯಾಗಿ ತಿಳಿಸಿ ಹೇಳು" ಅಂದಳು. ತಿಳಿಸಿ ಹೇಳಲು ಹೋದೆ. ನಮ್ಮಲ್ಲಿ ಅನ್ನ ಉಂಡರೆ ಮಾತ್ರ ಊಟ ಮೇಡಂ, ಉಳಿದದ್ದು ಹೊಟ್ಟೆಗೆ ಎಷ್ಟು ಬಿದ್ದರೂ ಬರೀ ತಿಂಡಿ, ಅದು ಲೆಕ್ಕಕ್ಕಿಲ್ಲ ಅಂತ ನನ್ನ ಹರುಕು ಹಿಂದಿಯಲ್ಲಿ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟು, "ಬೇಟಾ, ಲಿವರ್ ಕೋ ಕನ್ನಡ್ ನಹೀ ಆತೀ" ಅಂದರು.

ಲಿವರ್‌ಗೆ ಕನ್ನಡ ಬರಲ್ಲ. ಅಮ್ಮನಿಗೆ ಇದನ್ನು ಅನುವಾದಿಸಲಿಲ್ಲ. ಆಟೋ ಮನೆ ಹತ್ತಿರ ಬಂದಾಗ ಅವಳು, "ನಾನೇ ಹಾಗೆ ಹೇಳು ಅಂದೆ ಅಲ್ವೇನೋ ಅವತ್ತು" ಅಂದಳು. ನಿನ್ನದೇನೂ ಇಲ್ಲಮ್ಮ ಅಂದೆ. ಅನ್ನ ಬಿಟ್ಟದ್ದನ್ನು ಊರಿಗೆಲ್ಲ ಸಾರಿಕೊಂಡು, ಇಡೀ ದಿನ ಮೇಯುತ್ತಿದ್ದೆ. ಅಕ್ಕನ ಮೂರು ವಾರ ತಿಂದುಹಾಕಿದೆ. ನಾಚಿಕೆಯಾಗುತ್ತಿದೆ.

ಮಾರ್ಚ್ ೯, ಭಾನುವಾರ

ಬಟ್ಟೆ ತುಂಬಿಕೊಂಡು ಅಕ್ಕನ ಮನೆಗೇ ಬಂದುಬಿಟ್ಟೆ. ಹಾಲಿನ ದಿವಾನದ ಮೇಲೆ ಹಾಸಿಗೆ. ಫೋನಿನಿಂದ ತಿಂಡಿ ತರಿಸುವ ಆ್ಯಪ್‌ಗಳನ್ನೆಲ್ಲ ಕಿತ್ತೆಸೆದೆ. ಮಾನ್ಯಾ ಅದನ್ನು ನೋಡುತ್ತಾ, "ಮಾಮಾ, ಫಿರ್ ಸೇ ಡೌನ್‌ಲೋಡ್ ತೋ ನಹೀ ಮಾಡ್ತೀರಾ?" ಅಂತ ತನಿಖೆ ಮಾಡಿದಳು. ಪಾಸ್‌ವರ್ಡ್ ಬದಲಾಯಿಸಿ ನೀನೇ ಇಟ್ಕೋ ಅಂದೆ. ಖುಷಿಯಾಯಿತು ಅವಳಿಗೆ.

ಇನ್ನು ಊಟ ತಿಂಡಿ ಅನ್ನುವ ಭೇದವೇ ಇಲ್ಲ. ಬಾಯಿಗೆ ಹೋದದ್ದೆಲ್ಲ ಒಂದೇ. ಮೊಳಕೆ ಕಾಳು, ಸೊಪ್ಪಿನ ಸಾರು, ಹಿಡಿ ಗಾತ್ರದ ಮುದ್ದೆ, ಮಜ್ಜಿಗೆ. ಅಮ್ಮ ಐಎನ್ಎ ಮಾರ್ಕೆಟ್ಟಿನಲ್ಲಿ ಹುರುಳಿಕಾಳು ಹುಡುಕಿ ತಂದಿದ್ದಾಳೆ. ಇಲ್ಲಿಯ ಮೆಟ್ರೋ ಗೇಟಿನಲ್ಲೂ ಮೋಮೋ ಗಾಡಿ ಇದೆ, ಅದಕ್ಕೆ ಇನ್ನೊಂದು ಗೇಟಿನಿಂದ ಸುತ್ತುಹಾಕಿ ಬರುತ್ತೇನೆ. ಹಸಿವಾದರೆ ಆಗಲಿ.

ಮಾರ್ಚ್ ೧೩, ಗುರುವಾರ

ನಾಳೆ ಹೋಳಿ. ಆಫೀಸಿನಲ್ಲಿ ಗುಜಿಯಾ ಡಬ್ಬಿಗಳ ರಾಶಿ, ನಮ್ಮ ಕರ್ಜಿಕಾಯಿಯಂಥದ್ದು. ಕಿಶನ್ ಒಂದನ್ನು ಮೂಗಿನ ಹತ್ತಿರ ಹಿಡಿದು, "ಒಂದು ತಿಂದ್ರೆ ಸಾಯಲ್ಲ ಮಾರಾಯ" ಅಂದ. "ನಾನು ಸಾಯಲ್ಲ" ಅಂದೆ. ಅವನಿಗೆ ಅಕ್ಕನ ವಿಷಯ ಗೊತ್ತು. ಮುಖ ಸಪ್ಪಗೆ ಮಾಡಿಕೊಂಡು ಡಬ್ಬಿ ಮುಚ್ಚಿದ. ಆಮೇಲೆ ಪಾಪ ಅನ್ನಿಸಿ ಅವನನ್ನು ಕರೆದುಕೊಂಡು ಹೋಗಿ ಚಹಾ ಕುಡಿಸಿದೆ, ನಾನು ಬಿಸಿನೀರು ಕುಡಿದೆ.

ತುಪ್ಪದ ವಾಸನೆ ಇನ್ನೂ ಮೂಗಿನಲ್ಲಿದೆ. ಆದರೆ ನನ್ನೊಳಗಿರುವ ಅಕ್ಕನ ಲಿವರ್‌ಗೆ ಅದು ಆಗುವುದಿಲ್ಲ.

ಮಾರ್ಚ್ ೧೯, ಬುಧವಾರ

ನಡಿಗೆ ಮುಗಿಸಿ ಬಂದಾಗ ಅಕ್ಕ ಮಾನ್ಯಾಳನ್ನು ಹರ್ಷಿಣಿ ಅಂತ ಕರೆಯುತ್ತಿದ್ದಳು. ಹರ್ಷಿಣಿ ಅನ್ನುವವಳು ಅಕ್ಕನ ಹತ್ತಿರ ಯಾವಾಗಲೋ ಪಾಠ ಕಲಿತ ಹುಡುಗಿ. ಮಾನ್ಯಾ ತಿದ್ದಲಿಲ್ಲ, "ಹಾಂ ಮಿಸ್" ಅಂತ ಉತ್ತರ ಕೊಡುತ್ತಿದ್ದಳು. ಲಿವರ್ ಕೈಬಿಟ್ಟಾಗ ವಿಷ ತಲೆಗೆ ಏರುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಔಷಧಿ ಕೊಟ್ಟ ಮೇಲೆ ಸರಿಹೋದಳು.

ಭಾವ ಅವಳ ಊದಿದ ಪಾದ ತೊಡೆಯ ಮೇಲಿಟ್ಟುಕೊಂಡು ಉಗುರು ಕತ್ತರಿಸುತ್ತಿದ್ದರು. ಅವಳಿಗೆ ರಕ್ತ ಬಂದರೆ ಬೇಗ ನಿಲ್ಲುವುದಿಲ್ಲ, ಅದಕ್ಕೆ ಉಸಿರು ಬಿಗಿಹಿಡಿದು ನಿಧಾನವಾಗಿ ಕತ್ತರಿಸುತ್ತಿದ್ದರು. ನಾನು ನೋಡುತ್ತಿರುವುದು ಕಂಡು "ನೋಡೋಣಪ್ಪ" ಅಂದರು. ದನಿ ಪೂರ್ತಿ ಬರಲಿಲ್ಲ. ಚಹಾ ಮಾಡಿಕೊಟ್ಟೆ. ಅವರಿಗೆ ಸಕ್ಕರೆ ಎಷ್ಟು ಬೇಕು ಅಂತ ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ ೨೨, ಶನಿವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಬೆಳಿಗ್ಗೆ ಡೆಲಿವರಿಯವನು ನನ್ನ ಹೆಸರಿಗೆ ಒಂದು ಪೊಟ್ಟಣ ಕೊಟ್ಟುಹೋದ. ಛೋಲೆ ಭಟೂರೆ, ದೆಹಲಿಗೆ ಬಂದ ಹೊಸದರಲ್ಲಿ ನಾನು ಪ್ರತಿ ಭಾನುವಾರ ಓಡುತ್ತಿದ್ದ ಅದೇ ಅಂಗಡಿಯದು. ಬಿಸಿಬಿಸಿ. ಕಿಶನ್ ಕಿತಾಪತಿ ಅಂದುಕೊಂಡು ಅವನಿಗೆ ಫೋನ್ ಮಾಡಿ ಬೈಯುತ್ತಿದ್ದೆ. ಮಾನ್ಯಾ ಪಕ್ಕದಲ್ಲಿ ನಿಂತು ಒಂದೇ ಸಮನೆ ಅಂಗಿ ಜಗ್ಗಿದಳು. "ಮಾಮಾ, ಕಿಶನ್ ಅಂಕಲ್ ನಹೀ. ಮಮ್ಮಿ ನೇ ಮಂಗಾಯಾ. ನನ್ನ ಫೋನ್ ಸೇ. ನಿಮಗೆ ಹೇಳ್ಬಾರ್ದು ಅಂತ ಪ್ರಾಮಿಸ್ ಮಾಡ್ಸಿದ್ಳು." ಮಂಗಳವಾರ ಆಫೀಸಿಗೆ ನನ್ನ ಹೆಸರಿಗೆ ಬಂದಿದ್ದ ಕೇಕ್ ಕೂಡ ಅಕ್ಕನದೇ ಅಂತೆ. ಅದನ್ನು ನಾನು ಯಾರದೋ ಹುಟ್ಟುಹಬ್ಬ ಅಂದುಕೊಂಡು ಹಂಚಿಬಿಟ್ಟಿದ್ದೆ.

ಪೊಟ್ಟಣ ಹಿಡಿದು ಒಳಗೆ ಹೋದೆ. "ಇದೇನಕ್ಕ?"

"ಭಟೂರೆ. ತಣ್ಣಗಾಗೋದ್ರಲ್ಲಿ ತಿನ್ನು."

"ನಾನು ಫೇಲಾಗಲಿ ಅಂತ ತಾನೆ?"

"ಹೂಂ" ಅಂದಳು. ಸುಳ್ಳು ಹೇಳಿ ಅಭ್ಯಾಸ ಇಲ್ಲ ಅವಳಿಗೆ. "ಮದುವೆ ಆಗದ ಹುಡುಗನ ಹೊಟ್ಟೆ ಕೊಯ್ಸಿ ನಾನು ಬದುಕಬೇಕಾ? ನಿನಗೇನಾದ್ರೂ ಹೆಚ್ಚುಕಡಿಮೆ ಆದ್ರೆ ಅಮ್ಮ ಇಬ್ಬರನ್ನೂ ಕಳ್ಕೋತಾಳೆ. ಒಬ್ಬರು ಸಾಕು."

"ಮತ್ತೆ ಮಾನ್ಯಾ?"

"ಅವರಪ್ಪ ಇದಾರಲ್ಲ."

"ಭಾವನಿಗೆ ಕಾಲುಚೀಲದ ಜೋಡಿ ಹುಡುಕೋಕೆ ಬರಲ್ಲ. ಮಗಳನ್ನ ಬೆಳೆಸ್ತಾರಾ?"

ನಗು ಬಂತು ಅವಳಿಗೆ, ತಡೆದುಕೊಂಡಳು. ಆಮೇಲೆ ಹೇಳಿದಳು, "ಯಶು, ನೀನೇ ಕುಣೀತಿದೀಯ. ಕೊಡು ಅಂತ ನಾನು ಒಂದು ಸಲನಾದ್ರೂ ಕೇಳಿದೀನಾ?"

ಕೇಳಿಲ್ಲ. ಒಂದು ಸಲವೂ ಕೇಳಿಲ್ಲ. ಪೊಟ್ಟಣವನ್ನು ಕೆಳಗೆ ಗಾರ್ಡ್ ಭಯ್ಯಾನಿಗೆ ಕೊಟ್ಟು, ಪಾರ್ಕಿನಲ್ಲಿ ಕಾಲು ನೋಯುವ ತನಕ ನಡೆದೆ.

ಮಾರ್ಚ್ ೨೩, ಭಾನುವಾರ

ಯೋಚಿಸಿದೆ. ಬೇಡ ಅನ್ನುವುದು ಅವಳ ಇಷ್ಟ. ಲಿವರ್ ತಯಾರು ಮಾಡಿಡುವುದು ನನ್ನ ಕೆಲಸ. ಅವಳಿಗೆ ಬೇಕು ಅನ್ನಿಸಿದ ದಿನ ನನ್ನದು ಸಿದ್ಧ ಇರಬೇಕು. ಅಷ್ಟೇ. ಹುರುಳಿಕಾಳು ನೆನೆಹಾಕಿದೆ.

ಮಾರ್ಚ್ ೩೦, ಯುಗಾದಿ

ಹೊಟ್ಟೆಯ ನೀರು ತೆಗೆಸಲು ಅಕ್ಕ ಎರಡು ದಿನದಿಂದ ಆಸ್ಪತ್ರೆಯಲ್ಲಿದ್ದಾಳೆ. ಅಮ್ಮ ಹೋಳಿಗೆ ಮಾಡಲಿಲ್ಲ, ಮಾನ್ಯಾ ಕೇಳಲೂ ಇಲ್ಲ. ಮಗುವಿಗೆ ಹಬ್ಬ ಅಂತ ಏನಾದರೂ ಬೇಕಲ್ಲ ಅಂತ ನಾನೇ ಅಮ್ಮನನ್ನು ಕೇಳಿಕೊಂಡು ಹೂರಣ ಅರೆದು ನಾಲ್ಕು ಹೋಳಿಗೆ ತಟ್ಟಿದೆ. ಆಕಾರ ನೋಡಿ ಮಾನ್ಯಾ "ಯೇ ತೋ ಕರ್ನಾಟಕ ಕಾ ಮ್ಯಾಪ್ ಹೈ" ಅಂದಳು. ತಿಂದಳು, ಭಾವನೂ ತಿಂದರು. ನಾನು ತಿಂದೆನೋ ಇಲ್ಲವೋ ಅಂತ ಈಗ ಬರೆಯುವಾಗ ನೆನಪು ಮಾಡಿಕೊಳ್ಳುತ್ತಿದ್ದೇನೆ. ತಿನ್ನಲಿಲ್ಲ, ತಿನ್ನಬೇಕು ಅನ್ನಿಸಲೂ ಇಲ್ಲ. ಎರಡನ್ನು ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ, ಅಕ್ಕನಿಗೆ ಅಲ್ಲ, ರಾತ್ರಿಪಾಳಿ ಮುಗಿಸಿ ನಿಂತಿದ್ದ ನರ್ಸಿಗೆ ಕೊಟ್ಟೆ. ಅಕ್ಕ ನಿದ್ದೆಯಲ್ಲಿದ್ದಳು.

ಏಪ್ರಿಲ್ ೩, ಗುರುವಾರ

ಆಯಿತು.

ಡಾಕ್ಟರ್ ಹಳೆಯ ಸ್ಕ್ಯಾನ್, ಹೊಸ ಸ್ಕ್ಯಾನ್ ಎರಡನ್ನೂ ಪಕ್ಕಪಕ್ಕ ಇಟ್ಟು ಮೂರು ಸಲ ನೋಡಿದರು. "ಚಲೋ" ಅಂದರು. ಕೊಬ್ಬು ಬಹಳಷ್ಟು ಕರಗಿದೆ, ತೆಗೆದುಕೊಳ್ಳಬಹುದು. ಬರುವ ವಾರವೇ ಆಪರೇಷನ್ ಇಡಬಹುದು. ಅದಕ್ಕೆ ಮೊದಲು ಆಸ್ಪತ್ರೆಯ ಸಮಿತಿಯವರು ಕೊಡುವವನನ್ನೂ ಪಡೆಯುವವಳನ್ನೂ ಬೇರೆಬೇರೆ ಕೂರಿಸಿ ಕೇಳುತ್ತಾರೆ, ಇಬ್ಬರೂ ಒಪ್ಪಿ ಸಹಿ ಹಾಕಬೇಕು. ಭಾವ ಕಾರಿಡಾರಿನಲ್ಲಿ ನನ್ನ ಎರಡು ಕೈಯನ್ನೂ ಹಿಡಿದುಕೊಂಡು ನಿಂತರು. ನಾನೂ ಬಿಡಿಸಿಕೊಳ್ಳಲಿಲ್ಲ.

ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದಿರುವ ಅಕ್ಕನಿಗೆ ಹೇಳಿದೆವು. "ಅಚ್ಛಾ" ಅಂದಳು, ಅಷ್ಟೇ. ಸಹಿ ಹಾಕುತ್ತೀನಿ ಅನ್ನಲಿಲ್ಲ.

ಏಪ್ರಿಲ್ ೪, ಶುಕ್ರವಾರ

ಅಮ್ಮ ಅಕ್ಕನ ಕಾಲು ಹಿಡಿದುಕೊಂಡಳು. ನಾನು ಅಮ್ಮನನ್ನು ಎಬ್ಬಿಸಿ ಅಡುಗೆಮನೆಗೆ ಕರೆದುಕೊಂಡು ಹೋದೆ. ಬಲವಂತ ಮಾಡಬೇಡಮ್ಮ ಅಂದೆ. ಹೇಳಿಬಿಟ್ಟೆ, ಆದರೆ ಒಳಗೆ ಭಯ ತುಂಬಿದೆ. ಅಕ್ಕ ಇಲ್ಲದಿದ್ದರೆ ನನ್ನನ್ನು ಈ ಭೂಮಿಯ ಮೇಲೆ ಬೈಯುವವರು ಯಾರೂ ಇರುವುದಿಲ್ಲ.

ಏಪ್ರಿಲ್ ೫, ಶನಿವಾರ

ಸಂಜೆ ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಅಕ್ಕ ಗೋಡೆ ಹಿಡಿದುಕೊಂಡು ತಾನಾಗಿಯೇ ನಡೆದುಬಂದು ಕುರ್ಚಿಯಲ್ಲಿ ಕೂತಳು. ಕೈಯಲ್ಲಿ ಮಾನ್ಯಾಳ ಗಣಿತದ ಹಾಳೆ.

"ಈ ಹುಡುಗಿ ಭಿನ್ನರಾಶಿ ತಪ್ಪು ಮಾಡಿದಾಳೆ" ಅಂದಳು.

"ತಿದ್ದು ಮತ್ತೆ."

"ತಿದ್ದೋಕೆ ಕೂತೆ. ತಪ್ಪು ಅಂತ ಕಾಣ್ತಾ ಇದೆ. ಎಲ್ಲಿ ಅಂತ ಗೊತ್ತಾಗ್ತಿಲ್ಲ." ಹಾಳೆಯನ್ನು ಮಡಿಲಲ್ಲಿಟ್ಟು ಸವರಿದಳು. "ಆರನೇ ಕ್ಲಾಸಿನ ಲೆಕ್ಕ ಕಣೋ. ನನಗೆ ಬರ್ತಿಲ್ಲ. ಅವಳು ಎದುರಿಗೆ ನಿಂತ್ಕೊಂಡು, ಕೋಯಿ ಬಾತ್ ನಹೀ ಮಮ್ಮಿ ಅಂತ ನನಗೆ ಸಮಾಧಾನ ಹೇಳ್ತಾಳೆ. ನನಗೆ ಎಂಥ ಸಿಟ್ಟು ಬಂತು ಗೊತ್ತಾ."

ಸಿಟ್ಟು ಬಂದದ್ದು ಮುಖದಲ್ಲೇ ಕಾಣುತ್ತಿತ್ತು. ಎಷ್ಟೋ ದಿನದಿಂದ ಆ ಮುಖದಲ್ಲಿ ಏನೂ ಕಂಡಿರಲಿಲ್ಲ. ನಾನು ಬಟ್ಟೆ ಮಡಚುತ್ತಾ ನಿಂತೆ.

"ಆಸೆ ಆಗ್ತಿದೆ ಕಣೋ ಯಶು" ಅಂದಳು.

"ಏನು ಬೇಕು ಹೇಳು, ಮಾಡ್ಕೊಡ್ತೀನಿ. ಉಪ್ಪು ಕಮ್ಮಿ ಹಾಕಿ ಮಾಡ್ತೀನಿ."

"ತಿನ್ನೋಕಲ್ವೋ. ಬದುಕೋಕೆ."

ಕೆಳಗೆ ಯಾರೋ ಸ್ಕೂಟರ್ ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದರು. ಅಕ್ಕ ನನ್ನ ಕಡೆ ನೋಡದೆ, ಹಾಳೆಯನ್ನೇ ನೋಡುತ್ತಾ ಕೇಳಿದಳು.

"ಕೊಡ್ತೀಯೇನೋ?"

ಕೊಡ್ತೀನಿ ಕೊಡ್ತೀನಿ ಅಂತ ಎರಡು ತಿಂಗಳು ಕುಣಿದವನು ನಾನು. ಅವಳು ಕೇಳಿದಾಗ ಮಡಚಿದ್ದ ಅಂಗಿಯನ್ನೇ ಮತ್ತೆ ಮಡಚಿದೆ. ತಲೆಯಾಡಿಸಿದೆ.

"ಬಾಯಿಬಿಟ್ಟು ಹೇಳು" ಅಂದಳು, ತರಗತಿಯಲ್ಲಿ ಹಿಂದಿನ ಬೆಂಚಿನವರನ್ನು ಎಬ್ಬಿಸಿ ನಿಲ್ಲಿಸುವ ಅದೇ ದನಿಯಲ್ಲಿ.

ಬಾಯಿಬಿಟ್ಟು ಹೇಳಿದೆ.